ಸೈಕಲ್ ಹುಡುಗಿಯ ಡಬ್ಬಿ

ಎಲ್ಲಕ್ಕೂ ಕಾರಣ ಒಂದು ಪ್ಲಾಸ್ಟಿಕ್ ಮುಚ್ಚಳ. ಅವತ್ತು ಬೆಳಿಗ್ಗೆ ಗೇಟಣ್ಣ ಅವಸರದಲ್ಲಿ ಊಟದ ಡಬ್ಬಿಯ ಮುಚ್ಚಳ ಅಮುಕಿದ. ಅದು ಟಪ್ಪೆಂದು ಎರಡು ಹೋಳಾಯಿತು. ಮನೆಯಲ್ಲಿ ಬೇರೆ ಡಬ್ಬಿ ಇರಲಿಲ್ಲ. ಕೊನೆಗೆ ಹೆಂಡತಿ ಒಲ್ಲದ ಮನಸ್ಸಿನಿಂದ ಸ್ಟೂಲು ಹತ್ತಿ ಅಟ್ಟದಿಂದ ತನ್ನ ಅಮ್ಮನ ಡಬ್ಬಿ ಇಳಿಸಿದಳು.

ಹಳೆಯ ಕಾಲದ ಚಹಾ ಡಬ್ಬಿ. ಮೇಲೆ ಜಾಹೀರಾತಿನ ಚಿತ್ರ: ಹ್ಯಾಂಡಲ್ಲಿನಿಂದ ಎರಡೂ ಕೈ ಬಿಟ್ಟು ಸೈಕಲ್ ತುಳಿಯುತ್ತ, ನೆಮ್ಮದಿಯಾಗಿ ಚಹಾ ಕುಡಿಯುತ್ತಿರುವ ಹುಡುಗಿ. ಅಮ್ಮ ಅದರಲ್ಲಿ ಸೂಜಿ ದಾರ ಇಟ್ಟುಕೊಂಡು, ಕಂಡವರ ಬಟ್ಟೆ ಹೊಲಿದು ಮಗಳನ್ನು ಸಾಕಿದ್ದಳು. ಅಮ್ಮ ಹೋದ ಮೇಲೆ ಮಗಳು ಅದನ್ನು ಯಾರಿಗೂ ಮುಟ್ಟಗೊಟ್ಟಿರಲಿಲ್ಲ.

"ಇವತ್ತೊಂದಿನ ಮಾತ್ರ" ಎಂದಳು ಅದರಲ್ಲಿ ಊಟ ತುಂಬುತ್ತ. "ಸಂಜೆ ಡಬ್ಬಿ ಜೊತೆ ಬನ್ನಿ. ಡಬ್ಬಿ ಇಲ್ಲ ಅಂದ್ರೆ ನೀವೂ ಬರೋದು ಬೇಡ."

ಗೇಟಣ್ಣ ಕಾವಲಿಗಿದ್ದದ್ದು ಹಳೆಯ ವಸ್ತುಗಳ ಸಂಗ್ರಹಾಲಯದಲ್ಲಿ. ಒಂದು ಕೋಣೆ ತುಂಬ ಆಟಿಕೆ, ಇನ್ನೊಂದರಲ್ಲಿ ನೇಗಿಲು ಕೂರಿಗೆ, ಮತ್ತೊಂದರಲ್ಲಿ ಸೋಪು, ತಲೆಗೆಣ್ಣೆ, ಬೀಡಿಗಳ ಹಳೆಯ ಜಾಹೀರಾತುಗಳು. ನಂಬರು ಬಿದ್ದ ಒಂದು ಕಡ್ಡಿಯೂ ಗೇಟು ದಾಟದಂತೆ ನೋಡಿಕೊಳ್ಳುವುದು ಅವನ ಕೆಲಸ. ಇಪ್ಪತ್ತು ವರ್ಷದಲ್ಲಿ ಒಂದು ಬುಗುರಿಯೂ ದಾಟಿರಲಿಲ್ಲ.

ನಂಬರು ಬರೆಯುವ ಕೆಲಸ ನಂಬರಮ್ಮನದು. ಅಲ್ಲಾಡದೆ ಕೂತ ವಸ್ತು ಕಂಡರೆ ಸಾಕು, ಸಣ್ಣ ಕುಂಚದಿಂದ ಕೆಂಪು ನಂಬರು ಬರೆದು ರಿಜಿಸ್ಟರಿಗೆ ಏರಿಸಿಬಿಡುತ್ತಿದ್ದರು ಆ ಮಹಾತಾಯಿ. ನೆಲ ಒರೆಸುವ ಬಕೆಟ್ಟೊಂದು ಹೀಗೇ ಸಿಕ್ಕಿಬಿದ್ದು, ಇವತ್ತಿಗೂ ಕೃಷಿ ಉಪಕರಣಗಳ ಕೋಣೆಯಲ್ಲಿ ಮರ್ಯಾದೆಯಿಂದ ಕೂತಿದೆ.

ಇಷ್ಟೆಲ್ಲ ಗೊತ್ತಿದ್ದೂ ಗೇಟಣ್ಣ ತಪ್ಪು ಮಾಡಿದ. ಅವನ ಕುರ್ಚಿಯ ಕೆಳಗೆ ಅವತ್ತು ಇರುವೆ ಸಾಲು. ಡಬ್ಬಿಯನ್ನು ಎತ್ತಿಕೊಂಡು ಹೋಗಿ ಜಾಹೀರಾತಿನ ಕೋಣೆಯ ಶೆಲ್ಫಿನಲ್ಲಿಟ್ಟು, ಶಾಲೆ ಮಕ್ಕಳ ಟಿಕೆಟ್ ಹರಿಯಲು ಬಂದ. ಊಟದ ಹೊತ್ತಿಗೆ ಹೋಗಿ ನೋಡಿದರೆ ಡಬ್ಬಿಯ ಬದಿಯಲ್ಲಿ ಕೆಂಪಗೆ ಹೊಳೆಯುತ್ತಿತ್ತು: ೧೨೧೪.

"ಅಯ್ಯೋ ನಂಬರಮ್ಮ, ಅದು ನನ್ನ ಊಟ!"

"ಹಂಗಂತ ಎಲ್ಲಾದ್ರೂ ಬರ್ದಿದೆಯಾ?" ನಂಬರಮ್ಮ ಕನ್ನಡಕ ಏರಿಸಿದರು. "ರಿಜಿಸ್ಟರಲ್ಲಿ ಹತ್ತಿಸಿದ್ದಾಯ್ತಪ್ಪ. ಹೊಡೆದುಹಾಕಿದ್ರೆ ನನ್ನ ಕೆಲಸಕ್ಕೇ ಕುತ್ತು."

ಹೆಂಡತಿಯ ಮುಖ ನೆನೆದು ಗೇಟಣ್ಣನ ಹಸಿವೆಯೇ ಸತ್ತುಹೋಯಿತು. ತೋಟದ ಮಾಲಿಯ ಹತ್ತಿರ ಗೋಳು ತೋಡಿಕೊಂಡ. ಮಾಲಿಗೆ ಪರರ ಕಷ್ಟವೆಂದರೆ ಪಂಚಪ್ರಾಣ.

"ಇಷ್ಟಕ್ಕೆಲ್ಲ ಅಳ್ತಾರಾ ಮಾರಾಯಾ? ಕೈಗಾಡಿಲಿ ಡಬ್ಬಿ ಇಟ್ಟು ಮೇಲೆ ಒಣಗಿದೆಲೆ ತುಂಬ್ತೀನಿ. ಗೇಟಲ್ಲಿ ಇರೋನು ನೀನೇ ತಾನೇ? ಆಕಡೆ ತಿರುಗಿ ನಿಂತ್ಕೋ, ಸಾಕು."

ಮೂರು ಗಂಟೆಗೆ ಕೈಗಾಡಿ ಕಿರುಗುಟ್ಟುತ್ತ ಬಂತು. ಗೇಟಣ್ಣ ಆಕಡೆ ತಿರುಗಿಯೇ ನಿಂತಿದ್ದ. ಆದರೆ ಇಪ್ಪತ್ತು ವರ್ಷದ ಬಾಯಿ, ಕೇಳಬೇಕಲ್ಲ? ಚಕ್ರದ ಸದ್ದು ಕಿವಿಗೆ ಬಿದ್ದದ್ದೇ ತಡ, ಅದರ ಪಾಡಿಗೆ ಅದು ಗದರಿತು:

"ಏಯ್, ನಿಲ್ಸು! ಎಲೆ ಕೆಳಗೆ ಏನಿದೆ, ತೋರ್ಸು!"

ಮಾಲಿ ಬೆಪ್ಪಾಗಿ ನಿಂತ. ಗೇಟಣ್ಣ ನಾಲಿಗೆ ಕಚ್ಚಿಕೊಂಡ. ಆದರೆ ಅಷ್ಟರಲ್ಲಿ ತನಿಖೆಗೆಂದು ಬಂದ ಮೇಲಧಿಕಾರಿ ಗೇಟಿನ ಹತ್ತಿರವೇ ಕಾರಿಳಿದಿದ್ದರು. ಎಲೆ ಸರಿಸಿದವರೇ ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು.

"ಸೈಕಲ್ ಹುಡುಗಿ! ಇದು ಎಲ್ಲೂ ಉಳಿದಿಲ್ಲ ಅಂದ್ಕೊಂಡಿದ್ದೆ. ಎಲ್ಲಿಗಯ್ಯಾ ಒಯ್ತಿದ್ದೆ?"

"ತೊ... ತೊಳೆಯೋಕೆ ಸಾರ್" ಎಂದ ಮಾಲಿ.

"ತೊಳೀಬೇಡ! ಮುಚ್ಚಳವನ್ನೂ ಮುಟ್ಟಬೇಡ, ಬಣ್ಣ ಉದುರುತ್ತೆ!" ಅಧಿಕಾರಿ ಡಬ್ಬಿಯನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದರು. "ಬೆಳ್ಳುಳ್ಳಿ! ಆಗಿನ ಅಡುಗೆಮನೆ ವಾಸನೆ ಇನ್ನೂ ಹಂಗೇ ಇದೆಯಲ್ಲ!"

ಬೆಳ್ಳುಳ್ಳಿ ಪಲ್ಯ ನಡುಕೋಣೆಯ ಗಾಜಿನ ಪೆಟ್ಟಿಗೆ ಸೇರಿತು. ಮೇಲೊಂದು ದೀಪ, ಕೆಳಗೊಂದು ಚೀಟಿ. ಅಧಿಕಾರಿ ಗೇಟಣ್ಣನ ಬೆನ್ನು ತಟ್ಟಿ, "ಕಾವಲು ಅಂದ್ರೆ ಹಿಂಗಿರಬೇಕು" ಎಂದರು. ಅಲ್ಲಿಯೇ ಭೂಮಿ ಬಾಯಿಬಿಡಬಾರದೇ ಎನಿಸಿತು ಅವನಿಗೆ.

ಸಿಟ್ಟಿಗೆದ್ದ ಮಾಲಿ ನೆಟ್ಟಗೆ ಗೇಟಣ್ಣನ ಮನೆಗೆ ಫೋನು ಮಾಡಿದ: "ಅಕ್ಕಾ, ನಿಮ್ಮ ಡಬ್ಬಿನ ನಿಮ್ಮ ಯಜಮಾನ್ರೇ ಹಿಡ್ಕೊಟ್ಟಿದ್ದಾರೆ."

ಅರ್ಧ ಗಂಟೆಯಲ್ಲಿ ಹೆಂಡತಿ ಬಂದಳು. ಗಂಡನತ್ತ ತಿರುಗಿಯೂ ನೋಡದೆ ಬಿರಬಿರನೆ ಒಳಗೆ ಹೋದಳು. ಗೇಟಣ್ಣ ಕುಯ್ಯೋ ಮರ್ರೋ ಎಂದು ಹಿಂದೆ ಓಡಿದ.

ಗಾಜಿನ ಸುತ್ತ ಶಾಲೆಯ ಮಕ್ಕಳು ಮುತ್ತಿದ್ದರು. "ಕೈ ಬಿಟ್ಟು ಸೈಕಲ್ ಹೊಡೀತಾಳೆ ನೋಡೇ!" ಎಂದು ಒಬ್ಬಳು ಇನ್ನೊಬ್ಬಳನ್ನು ಎಳೆಯುತ್ತಿದ್ದಳು. ಪೆಟ್ಟಿಗೆಯ ಪಕ್ಕದಲ್ಲಿದ್ದ ಅಧಿಕಾರಿಯತ್ತ ನುಗ್ಗುತ್ತಿದ್ದ ಹೆಂಡತಿ ಅದನ್ನು ಕೇಳಿ ಅಲ್ಲೇ ನಿಂತಳು. ಅವಳ ಕಣ್ಣಲ್ಲಿ ನೀರು ತುಂಬಿತು.

"ನಾನೂ ಚಿಕ್ಕೋಳಿದ್ದಾಗ ಇದನ್ನೇ ಅಮ್ಮಂಗೆ ಹೇಳ್ತಿದ್ದೆ" ಎಂದಳು ಮೆಲ್ಲಗೆ. "ಅಟ್ಟದ ಕತ್ತಲಲ್ಲಿ ಇಟ್ಟು ಏನು ಬಂತು? ಇಲ್ಲೇ ಇರಲಿ. ಅಮ್ಮನ ಹೆಸರು ಬರೀರಿ ಸಾರ್. ಒಳಗಿನ ಪಲ್ಯ ಮಾತ್ರ ತೆಗೀರಿ, ನಮ್ಮೆಜಮಾನ್ರು ಉಪವಾಸ ಇದ್ದಾರೆ."

ಗೇಟಣ್ಣನಿಗೆ ಹೋದ ಜೀವ ಬಂತು. ಆಗ ಅಧಿಕಾರಿ ಬಾಯಿ ತೆರೆದರು: "ನಿಮ್ಮ ತಾಯೀದು ಇನ್ನೇನಾದ್ರೂ ಇದೆಯಾ ಅಮ್ಮಾ?"

"ಅಯ್ಯೋ, ಮನೆ ತುಂಬ ಅವಳದೇ!"

ಸಂಜೆ ಗೇಟಣ್ಣ ಮನೆ ಮುಟ್ಟುವಷ್ಟರಲ್ಲಿ ಸಂಗ್ರಹಾಲಯದ ವ್ಯಾನು ಬಾಗಿಲಲ್ಲಿತ್ತು. ಹೊಲಿಗೆ ಮಿಷನ್ನು, ಅವನು ಮಲಗುವ ಮಂಚ, ಮುಖ ನೋಡಿಕೊಳ್ಳುವ ಕನ್ನಡಿ, ಎಲ್ಲಕ್ಕೂ ಕೆಂಪು ನಂಬರು. ಹೆಂಡತಿಯ ಮುಖವೋ, ಮದುವೆಯ ದಿನವೂ ಅಷ್ಟು ಅರಳಿರಲಿಲ್ಲ. ಅದನ್ನು ನೋಡಿ ಅವನಿಗೂ ಖುಷಿಯಾಯಿತು. ಉಸ್ಸೆಂದು ಆರಾಮ ಕುರ್ಚಿಗೆ ಬೆನ್ನು ಕೊಟ್ಟ.

"ಏಳಪ್ಪಾ, ಏಳು! ಬಣ್ಣ ಆರಿಲ್ಲ!" ನಂಬರಮ್ಮ ಚೀರಿದರು.

ಎದ್ದು ನಿಂತರೆ ಸಮವಸ್ತ್ರದ ಬೆನ್ನ ಮೇಲೆ ಕೆಂಪು ನಂಬರು ಅಚ್ಚೊತ್ತಿತ್ತು.

ಹೆಂಡತಿ ಬಿದ್ದು ಬಿದ್ದು ನಕ್ಕಳು. "ನಾಳೆ ಇದನ್ನ ಹಾಕ್ಕೊಂಡು ಕೆಲಸಕ್ಕೆ ಹೋಗಬೇಡಿ. ಸಂಜೆ ಗೇಟು ದಾಟೋಕೆ ಬಿಡಲ್ಲ."

"ಬಿಡದೆ ಇರೋನು ನಾನೇ ಅಲ್ವೇನೇ" ಎಂದು ಗೇಟಣ್ಣ ನೆಲದ ಮೇಲೆ ಚಾಪೆ ಹಾಸಿದ.