ಸ್ಟೀಲ್ ಪಾತ್ರೆಗೆ ಕಲಾಯಿ

ಇಮಾಮ್ ಸಾಬರ ಕೈಗೆ ಬಂದೂ ಕರ್ರಗೆ ಉಳಿದ ಪಾತ್ರೆ ದಾವಣಗೆರೆಯಲ್ಲಿ ಹುಟ್ಟಿಲ್ಲ, ಮುಂದೆ ಹುಟ್ಟುವುದೂ ಇಲ್ಲ. ಈ ಮಾತು ಹೇಳಿದ್ದು ಯಾರು ಅಂತೀರಿ? ಸಾಕ್ಷಾತ್ ಇಮಾಮ್ ಸಾಬರೇ! ಆನೆಕೊಂಡದ ಅವರ ಅಂಗಳದಲ್ಲಿ ಊರಿನ ಹಿತ್ತಾಳೆ, ತಾಮ್ರವೆಲ್ಲ ಸಾಲಾಗಿ ಕೂತು, ಒಳಗೆಲ್ಲ ಬೆಳ್ಳಗೆ ಕಲಾಯಿ ಹಾಕಿಸಿಕೊಂಡು, ಮದುಮಗಳ ಹಾಗೆ ಮಿಂಚುತ್ತ ಮನೆಗೆ ಹೋಗುತ್ತಿದ್ದವು. ಸ್ಟೀಲ್ ಎಂಬ ಶನಿ ಪೇಟೆಗೆ ಕಾಲಿಡುವ ತನಕ ಎಲ್ಲ ಚೆನ್ನಾಗಿಯೇ ಇತ್ತು.

"ಕಲಾಯಿ ಬ್ಯಾಡದ ಪಾತ್ರೆನೂ ಒಂದು ಪಾತ್ರೆಯೇನ್ರಿ?" ಎಂದು ಸಾಬರು ಸಿಕ್ಕವರನ್ನೆಲ್ಲ ಕೇಳುತ್ತಿದ್ದರು.

ಅಂಥವರ ಮನೆಗೇ ಒಂದು ಸ್ಟೀಲ್ ಪಾತ್ರೆ ಬಂತು. ತಂದವನು ಹೆಂಡತಿ ಹಜೀರಾಬಿಯ ತಮ್ಮ ರೌಫ್. ತಾಯಿ ಸತ್ತ ಮೇಲೆ ಹಜೀರಾಬಿಯೇ ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದ್ದಳು. ಈಗ ಅವನು ಹರಿಹರದಲ್ಲಿ ಕೆಲಸಕ್ಕಿದ್ದ. "ಆಪಾ, ನಿನಗೆ" ಎಂದು ಕೊಟ್ಟದ್ದೇ ತಡ, ಪಾತ್ರೆ ಗೂಡು ಏರಿತು. ಅದಕ್ಕೆ ಬೆಂಕಿ ತೋರಿಸುವುದಿರಲಿ, ಬೆರಳು ತಾಗಿಸುವುದಕ್ಕೂ ಹಜೀರಾಬಿ ಬಿಡುತ್ತಿರಲಿಲ್ಲ.

ರೌಫನ ಮಗುವಿಗೆ ಹೆಸರಿಡುವುದಕ್ಕೆ ಹರಿಹರಕ್ಕೆ ಹೊರಟಾಗಲೂ ಅವಳಿಗೆ ಅದರದೇ ಚಿಂತೆ. "ಆ ಪಾತ್ರೆ ಮುಟ್ಟಬ್ಯಾಡ್ರಿ."

"ಅದರ ಮುಖ ನೋಡೋಕೂ ನಂಗೆ ಮನಸ್ಸಿಲ್ಲ. ಆರಾಮಾಗಿ ಹೋಗ್ ಬಾ."

ಮಾರನೇ ದಿನ ಬೆಳಿಗ್ಗೆ ಸಾಬರ ನಾಲಿಗೆಗೆ ಶಾವಿಗೆ ಪಾಯಸದ ಚಪಲ ಹುಟ್ಟಿತು. ಮನೆಯ ಹಿತ್ತಾಳೆ ಪಾತ್ರೆಗಳಲ್ಲಿ ಹಾಲು ಕಾಸುವಂತಿರಲಿಲ್ಲ, ಕಲಾಯಿ ಹೋಗಿ ವರ್ಷವಾಗಿತ್ತು. ಊರಿಗೆಲ್ಲ ಕಲಾಯಿ ಹಾಕುವವರಿಗೆ ಮನೆ ಪಾತ್ರೆಗೆ ಪುರುಸೊತ್ತೆಲ್ಲಿ? ಸ್ಟೀಲ್ ಪಾತ್ರೆ ಗೂಡಿನಿಂದ ಇಳಿಯಿತು. ಒಲೆ ತಣ್ಣಗಿತ್ತು, ಅಂಗಳದ ಕುಲುಮೆ ನಿಗಿನಿಗಿ ಅನ್ನುತ್ತಿತ್ತು. ಹಾಲು, ಶಾವಿಗೆ ಹಾಕಿ ಅದರ ಮೇಲೇ ಇಟ್ಟರು. ಕೈ ಅಭ್ಯಾಸಬಲದಿಂದ ತಿದಿ ಒತ್ತಿತು. ಅಷ್ಟರಲ್ಲಿ ಹಂಡೆ ಹೊತ್ತು ಗಿರಾಕಿ ಹಾಲೇಶಪ್ಪ ಬಂದ. ಸ್ಟೀಲಿನ ಹಣೆಬರಹವನ್ನು ಅವನಿಗೆ ವಿವರಿಸುತ್ತ, ವಿವರಿಸುತ್ತ, ಒತ್ತುತ್ತ, ಒತ್ತುತ್ತ...

"ಸಾಬ್ರೆ, ಏನೋ ಸುಟ್ಟ ವಾಸನೆ" ಎಂದ ಹಾಲೇಶಪ್ಪ.

ನೋಡುತ್ತಾರೆ, ಪಾಯಸವೂ ಇಲ್ಲ, ಶಾವಿಗೆಯೂ ಇಲ್ಲ. ತಳದಲ್ಲಿ ಡಾಂಬರು ರಸ್ತೆ! ಸಾಬರು ಹಾಲೇಶಪ್ಪನನ್ನು ಸಾಗಹಾಕಿ ಯುದ್ಧಕ್ಕಿಳಿದರು. ಬೂದಿಯಿಂದ ತಿಕ್ಕಿದರು, ಹುಣಸೆಹಣ್ಣು ಹಚ್ಚಿ ತಿಕ್ಕಿದರು, ಇಟ್ಟಿಗೆ ಪುಡಿ ಹಾಕಿ ತಿಕ್ಕಿದರು. ಡಾಂಬರು ಜಪ್ಪಯ್ಯ ಅನ್ನಲಿಲ್ಲ. ಕಡೆಗೆ ಕಸುಬಿನ ಪಟ್ಟು ಹಾಕಿದರು. ದೊಡ್ಡ ಹಂಡೆಗೆ ಮರಳು ಸುರಿದು, ಒಳಗೆ ನಿಂತು, ಗೋಡೆ ಹಿಡಿದು ಸೊಂಟ ತಿರುಗಿಸಿದರೆ ಎಂಥ ಕಿಲುಬೂ ಹೋಗುತ್ತದೆ. ಈ ಪಾತ್ರೆಯಲ್ಲಿ ಹಿಡಿಸಿದ್ದು ಒಂದೇ ಕಾಲು. ಒಂಟಿಕಾಲಲ್ಲೇ ಗಿರಗಿರ ಶುರುಮಾಡಿದರು.

ಗೋಡೆಯಾಚೆಯಿಂದ ಪಕ್ಕದ ಮನೆ ಕಮಲಕ್ಕನ ತಲೆ ಕಾಣಿಸಿತು. "ಏನ್ ಸಾಬ್ರೆ, ಹಜೀರಾಬಿ ತವರಿಗೆ ಹೋಗಿದ್ದಕ್ಕೆ ಇಷ್ಟೊಂದು ಕುಣಿಯೋದೇ?"

"ಕಾಲು ಜೋಮು ಹಿಡದೈತೆ ಕಮಲಕ್ಕ" ಎಂದರು ಸಾಬರು, ತಿರುಗುತ್ತಲೇ.

ಡಾಂಬರೇನೋ ಎದ್ದಿತು. ಕೆಳಗೆ ಕಂಡದ್ದು ಗೀರು, ಕಲೆ, ಮತ್ತೆ ಗೀರು. ಆಗ ಸಾಬರಿಗೆ ಮಹಾಬುದ್ಧಿ ಹೊಳೆಯಿತು. ಜನ್ಮವಿಡೀ ಮಾಡಿದ್ದೇನು? ಒಳಗಿನ ಕಲೆ ಮುಚ್ಚಿ ಬೆಳ್ಳಗೆ ಮಾಡಿದ್ದು! ತವರಿನ ಪಾತ್ರೆಗೆ ಒಂದಿಷ್ಟು ತವರ ಬಳಿದರೆ ತೀರಿತು. ಕಾದ ಪಾತ್ರೆಗೆ ನವಸಾಗರದ ಪುಡಿ ಉದುರಿಸಿದರು, ಹೊಗೆ ಎದ್ದಿತು. ಸ್ಟೀಲು ಮೊದಲು ಒಲ್ಲೆ ಅಂದಿತು, ತವರ ಜಾರಿ ಜಾರಿ ಓಡಿತು. ಆಸಿಡ್ ತೋರಿಸಿ ಹೆದರಿಸಿ, ಬಳಿದು, ಉಜ್ಜಿ, ಅಂತೂ ಹಿಡಿಸಿದರು. ಒಳಗೆ ನೋಡಿದರೆ ಬೆಳದಿಂಗಳು. ಪಾತ್ರೆ ಗೂಡಿಗೆ ಹೋಯಿತು.

ಮಧ್ಯಾಹ್ನ ಹಜೀರಾಬಿ ಬಂದಳು. ಬಂದವಳ ಕಣ್ಣು ಸೀದಾ ಗೂಡಿಗೆ. ಪಾತ್ರೆಯನ್ನು ಕೈಗೆತ್ತಿಕೊಂಡಳು, ಒಳಗೆ ನೋಡಿದಳು, ತಿರುಗಿಸಿ ನೋಡಿದಳು. ಬೆರಳುಗಳನ್ನು ಮಸಿಬಟ್ಟೆಗೆ ಒರೆಸಿಕೊಂಡಳು.

"ಇದರೊಳಗೆ ಕಲಾಯಿ ಐತಲ್ರಿ."

"ಹೌದಾ?" ಎಂದರು ಸಾಬರು, ಹುಟ್ಟಿದಾರಭ್ಯ ಕಲಾಯಿ ಕಾಣದವರ ಹಾಗೆ.

"ಅಂದ್ರೆ ಸ್ಟೀಲ್ ಅಲ್ಲ. ರೌಫ್ ನಂಗೆ ಮೋಸ ಮಾಡ್ಯಾನೆ. ಹೊರಡ್ರಿ ಹರಿಹರಕ್ಕೆ. ಇದನ್ನ ಅವನ ಮುಂದೆ ಇಟ್ಟು ಬರ್ತೀನಿ, ಇನ್ನು ಆ ಹೊಸ್ತಿಲು ತುಳಿಯಲ್ಲ."

ಸಾಬರು ಇಕ್ಕಟ್ಟಿಗೆ ಸಿಕ್ಕಿದರು. ತಪ್ಪು ಒಪ್ಪಿಕೊಂಡರೆ ಮಾನ ಹೋಗುತ್ತದೆ, ಸುಮ್ಮನಿದ್ದರೆ ಅಕ್ಕತಮ್ಮಂದಿರ ಸಂಬಂಧವೇ ಹೋಗುತ್ತದೆ. ದಾರಿಯಲ್ಲಿ ಹೇಗಾದರೂ ಸಮಾಧಾನ ಮಾಡೋಣ ಎಂದು ಶುಕ್ರವಾರದ ಬಿಳಿ ಜುಬ್ಬ ತೊಟ್ಟು ಹೊರಟರು. ಪಾತ್ರೆಗೆ ಬಟ್ಟೆ ಸುತ್ತಲು ಹೋದರೆ ಹಜೀರಾಬಿ ತಡೆದಳು. "ಬ್ಯಾಡ. ಹಂಗೇ ತೊಡೆ ಮೇಲೆ ಇಟ್ಕೊಂಡು ಕೂಡ್ರಿ. ಜನ ನೋಡ್ಲಿ."

ರೈಲಿನಲ್ಲಿ ಸಾಬರು ಗಾಳಿಯ ಬಗ್ಗೆ ಮಾತೆತ್ತಿದರು, ಮಗುವಿನ ಹೆಸರಿನ ಬಗ್ಗೆ ಕೇಳಿದರು. ಅವಳು ಕಿಟಕಿಯ ಕಡೆ ಮುಖ ತಿರುಗಿಸಿ ಕೂತಳು. ಹರಿಹರದಲ್ಲಿ ಇಳಿದು ನಡೆದರೆ, ಎದುರು ಬಂದವರೆಲ್ಲ ಇವರನ್ನು ನೋಡಿ ಮುಗುಳ್ನಗುವವರೇ. ಕಲಾಯಿಯ ಹೊಳಪಿಗೆ ಮರುಳಾಗಿದ್ದಾರೆ ಎಂದುಕೊಂಡು ಸಾಬರು ಆ ಸಂಕಟದಲ್ಲೂ ಇಬ್ಬರಿಗೆ ಸಲಾಂ ಹೇಳಿದರು.

ರೌಫ್ ನಗುತ್ತ ಬಾಗಿಲಿಗೆ ಬಂದ. "ಈಗ ತಾನೆ ಹೋದೆಯಲ್ಲ ಆಪಾ!" ಎಂದು ನೀರಿನ ಲೋಟ ಚಾಚಿದ. ಹಜೀರಾಬಿ ಲೋಟ ಮುಟ್ಟಲಿಲ್ಲ. ಅವನ ನಗು ನಿಧಾನಕ್ಕೆ ಇಳಿಯಿತು, ಕೈ ಚಾಚಿದ ಹಾಗೇ ಉಳಿಯಿತು. ಸಾಬರಿಗೆ ತಡೆಯಲಾಗಲಿಲ್ಲ.

"ರೌಫ್, ಪಾತ್ರೆ ಸುಟ್ಟಿದ್ದು ನಾನು. ತಿಕ್ಕಿ ಗೀರಿದ್ದೂ ನಾನು. ಕಲೆ ಹೋಗ್ಲಿಲ್ಲಪ್ಪ, ಅದಕ್ಕೇ ಕಲಾಯಿ ಹಾಕ್ದೆ. ನನ್ನ ಕೈಲಿ ಆಗ್ಲಿಲ್ಲ."

ಹಜೀರಾಬಿ ಲೋಟ ತೆಗೆದುಕೊಂಡು ಗಟಗಟ ನೀರು ಕುಡಿದಳು. ಬಾಯಿ ಒರೆಸಿಕೊಂಡಳು.

"ಅಂತೂ ನಿಮ್ಮ ಬಾಯಿಂದ ಬಂತಲ್ಲ. ಮನೇಲೇ ಹೇಳಿದ್ರೆ ರೈಲು ಚಾರ್ಜು ಉಳೀತಿತ್ತು."

"ನಿಂಗೆ ಗೊತ್ತಿತ್ತಾ?"

"ಒಳಗೆ ನೋಡೇ ಗೊತ್ತಾಯ್ತು, ನಿಮ್ಮ ಕೈಚಳಕ ನಂಗೆ ಗೊತ್ತಿಲ್ಲೇನ್ರಿ? ಇಷ್ಟು ವರ್ಷ ಬರೀ ಒಳಗೇ ಬೆಳ್ಳಗೆ ಮಾಡ್ಕೊಂಡು ಬಂದ್ರಿ, ಕುಲುಮೆ ಮೇಲಿಟ್ಟ ಪಾತ್ರೆಗೆ ತಳ ಅಂತ ಒಂದು ಇರುತ್ತೆ ಅನ್ನೋದೇ ಮರೆತ್ರಿ."

ಸಾಬರು ಪಾತ್ರೆಯನ್ನು ಮಗುಚಿ ನೋಡಿದರು. ತಳದಲ್ಲಿ ಮಸಿ ಕರ್ರಗೆ ಹೊಳೆಯುತ್ತಿತ್ತು. ಅನುಮಾನ ಬಂದು ಮೆಲ್ಲಗೆ ತಲೆ ಬಗ್ಗಿಸಿದರು. ಶುಕ್ರವಾರದ ಬಿಳಿ ಜುಬ್ಬದ ನಟ್ಟನಡುವೆ, ತೊಡೆಯ ಮೇಲೆ ಪಾತ್ರೆ ಕೂತಿದ್ದಲ್ಲಿ, ರೊಟ್ಟಿಯಗಲ ದುಂಡಗೆ ಒಂದು ಅಮಾವಾಸ್ಯೆ!

ರೌಫ್ ನಗು ತಡೆಯಲಾರದೆ ಒಳಗೆ ಓಡಿದ. ಹಜೀರಾಬಿ ಜುಬ್ಬದ ಅಂಚು ಹಿಡಿದು, ಕಲೆಯನ್ನು ಬೆಳಕಿಗೆ ಹಿಡಿದು, ಥೇಟ್ ಗಿರಾಕಿಯ ಗತ್ತಿನಲ್ಲಿ ಕೇಳಿದಳು:

"ಇದಕ್ಕೆ ಯಾವಾಗ ಕಲಾಯಿ ಹಾಕಿ ಕೊಡ್ತೀರಿ, ಸಾಬ್ರೆ?"