ಉಮೆಯ ಹೆಸರಿಗೊಂದು ಅರ್ಚನೆ

ಮಕ್ಕಳ ಕಾರ್ಟೂನು ನೋಡುವುದಕ್ಕೆ ಏನು ಮಹಾ ವಿದ್ಯೆ ಬೇಕು? ಹಾಗೆಂದುಕೊಂಡೇ ನಾನು ಆ ಸಂಜೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಸೋಫಾದಲ್ಲಿ ಮಗಳ ಪಕ್ಕ ಕೂತದ್ದು.

ನನ್ನ ಮಗಳು ಮೇಘನಾ ಡಿಗ್ರಿ ಎರಡನೇ ವರ್ಷದಲ್ಲಿದ್ದಾಳೆ. ಕಾಲೇಜು ಸೇರಿದಾಗಿನಿಂದ ನನ್ನೊಡನೆ ಅವಳ ಮಾತು ಮೂರಕ್ಕೆ ಇಳಿದಿತ್ತು. “ಊಟ ಬೇಡ”, “ಚಾರ್ಜರ್ ಎಲ್ಲಿ”, “ಬಾಗಿಲು ಹಾಕ್ಕೊಂಡು ಹೋಗು”. ಕೆಟ್ಟ ಹುಡುಗಿಯಲ್ಲ, ದೇವರ ದಯೆ. ಆದರೆ ಮುಚ್ಚಿದ ಬಾಗಿಲಿನ ಜೊತೆ ಎಷ್ಟು ದಿನ ಮಾತಾಡುವುದು? ಸಂಜೆ ಐದೂವರೆಗೆ ಮಾತ್ರ ಅವಳು ಹಾಲಿನ ಟಿ.ವಿ.ಯಲ್ಲಿ ಜಪಾನಿನದೇನೋ ನೋಡುತ್ತಿದ್ದಳು. ಆ ಅರ್ಧ ಗಂಟೆ ಬಾಗಿಲಿಲ್ಲ. ಅಷ್ಟು ನನಗೆ ಸಿಕ್ಕರೆ ಸಾಕೆಂದು ದೇವರ ಮನೆಯಲ್ಲಿ ಬೇಡಿಕೊಂಡಿದ್ದೆ.

“ನಾನೂ ಕಾರ್ಟೂನ್ ನೋಡ್ಲೇನೇ?” ಎಂದೆ.

“ಅಮ್ಮಾ, ಅದು ಕಾರ್ಟೂನ್ ಅಲ್ಲ. ಅನಿಮೆ.”

“ಎನಿಮಾನಾ? ಸಂಜೆ ಹೊತ್ತಲ್ಲಿ ಅದ್ಯಾಕೆ?”

ಮಗಳು ಹಣೆ ಹಿಡಿದುಕೊಂಡಳು. ಆದರೆ ಎದ್ದು ಹೋಗಲಿಲ್ಲ. ನನ್ನ ಲೆಕ್ಕದಲ್ಲಿ ಅದೇ ದೊಡ್ಡ ಪ್ರಸಾದ.

ಟಿ.ವಿ.ಯ ಕೆಳಗೆ ಇಂಗ್ಲಿಷ್ ಅಕ್ಷರಗಳು ಓಡುತ್ತಿದ್ದವು. ನಾನು ಮೊದಲ ಪದ ಓದುವಷ್ಟರಲ್ಲಿ ಯಾರೋ ಒಬ್ಬ ಸತ್ತಿರುತ್ತಿದ್ದ! ಹೀಗಾಗಿ ಮೇಘನಾಳೇ ಕನ್ನಡದಲ್ಲಿ ಹೇಳತೊಡಗಿದಳು. ಕಥಾನಾಯಕನ ಹೆಸರು ಅಕಿ. ನಾನು ಅಕ್ಕಿ ಎನ್ನುತ್ತಿದ್ದೆ. ಅಪ್ಪ ಅಮ್ಮ ಇಲ್ಲದ ಹುಡುಗ. ಏಳು ವರ್ಷದ ತಂಗಿ ಇದ್ದಾಳೆ, ಹೆಸರು ಉಮೆ. ಸಾಕ್ಷಾತ್ ಪಾರ್ವತಿಯ ಹೆಸರು! ನಾನು ಕೂತಲ್ಲೇ ಕೈ ಮುಗಿದೆ. ಜಪಾನಿನಲ್ಲಿ ಹಾಗೆಂದರೆ ಒಂದು ಹಣ್ಣು ಎಂದಳು ಮಗಳು. ಇರಲಿ, ನಮ್ಮಲ್ಲೂ ಹಣ್ಣು ದೇವರಿಗೇ ತಾನೆ.

ನಾಲ್ಕನೇ ಕಂತಿನಲ್ಲಿ ಅಕಿ ತಂಗಿಯನ್ನು ಮಂಜು ಸುರಿಯುತ್ತಿದ್ದ ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂರಿಸಿದ. “ಇಲ್ಲೇ ಇರು, ಟಿಕೆಟ್ ತರ್ತೀನಿ” ಎಂದ. ಅಷ್ಟರಲ್ಲಿ ರಾಕ್ಷಸರು ಬಂದರು. ಹೊಡೆದಾಡುತ್ತಾ ಹೊಡೆದಾಡುತ್ತಾ ಅವನು ರೈಲು ಹತ್ತಿದ. ರೈಲು ಹೊರಟಿತು. ಮಗು ಬೆಂಚಿನ ಮೇಲೆಯೇ!

“ಅಯ್ಯೋ, ಮಗು!” ಎಂದೆ.

“ಮುಂದೆ ಬರುತ್ತೆ ಅಮ್ಮಾ, ಸುಮ್ನಿರು.”

ಮುಂದೆ ಏನೇನೋ ಬಂತು, ಮಗು ಮಾತ್ರ ಬರಲಿಲ್ಲ. ಆರನೇ ಕಂತಿನಲ್ಲಿ ಅಕಿಯ ಎಡಗೈ ಮುರಿದು ಬಟ್ಟೆ ಕಟ್ಟಿದ್ದರು, ಏಳನೆಯದರಲ್ಲಿ ಎರಡೂ ಕೈಯಲ್ಲಿ ಕತ್ತಿ ತಿರುಗಿಸುತ್ತಿದ್ದ. ಹತ್ತರಲ್ಲಿ ಒಬ್ಬ ಅಜ್ಜಿ ತೀರಿಕೊಂಡಳು, ನಾನು ಕಣ್ಣೊರೆಸಿಕೊಂಡೆ. ಹದಿನಾಲ್ಕರಲ್ಲಿ ಅದೇ ಅಜ್ಜಿ ಯಾರದೋ ಮದುವೆಯ ಹಿಂದಿನ ಸಾಲಿನಲ್ಲಿ ಕೂತಿದ್ದಳು!

“ಮದ್ವೆ ಊಟ ಅಂದ್ರೆ ಯಾರು ಬಿಡ್ತಾರೆ” ಎಂದರು ನಮ್ಮ ಯಜಮಾನರು, ಪೇಪರಿನ ಹಿಂದಿನಿಂದ.

ಕೈ, ಅಜ್ಜಿ, ಎಲ್ಲವನ್ನೂ ಕ್ಷಮಿಸಿದೆ. ಆ ಮಗುವಿನ ವಿಷಯ ಮಾತ್ರ ಗಂಟಲಿನಿಂದ ಇಳಿಯಲಿಲ್ಲ. ಚಿಕ್ಕಂದಿನಲ್ಲಿ ನಾನು ರಾಮೋತ್ಸವದ ಪೆಂಡಾಲಿನಲ್ಲಿ ಹರಿಕಥೆ ಕೇಳಿ ಬೆಳೆದವಳು. ದಾಸರು ಎಂಥ ಯುದ್ಧದ ಮಧ್ಯದಲ್ಲೂ ಕೈಯ ಚಿಟಿಕೆ ತಾಳ ನಿಲ್ಲಿಸಿ, “ಇತ್ತ ಆ ತಾಯಿ ಏನು ಮಾಡುತ್ತಿದ್ದಳಯ್ಯಾ ಎಂದರೆ...” ಎನ್ನುತ್ತಿದ್ದರು. ಒಂದು ‘ಇತ್ತ’ ಸಾಕಿತ್ತು ನನಗೆ. ಇಪ್ಪತ್ತನಾಲ್ಕು ಕಂತು ಮುಗಿಯಿತು. ಅಕಿ ಗೆದ್ದ, ನಕ್ಕ, ಬೆಟ್ಟದ ಮೇಲೆ ನಿಂತು ಸೂರ್ಯನನ್ನು ನೋಡಿದ. ಒಂದೇ ಒಂದು ‘ಇತ್ತ’ ಇಲ್ಲ!

“ತಂಗಿ ಎಲ್ಲೇ?”

“ಇದಕ್ಕೆ ಮೂಲ ಒಂದು ಚಿತ್ರಕಥೆ ಪುಸ್ತಕ ಇದೆ ಅಮ್ಮಾ, ಮಾಂಗಾ ಅಂತಾರೆ. ಟಿ.ವಿ.ಗೆ ಮಾಡುವಾಗ ಸ್ವಲ್ಪ ಕತ್ತರಿಸ್ತಾರೆ. ಪುಸ್ತಕದಲ್ಲಿ ಇದೆ, ಬಿಡು.”

“ಏನಿದೆ?”

“ಇದೆ.”

“ಏನಿದೆ ಹೇಳೇ!”

“ಆಮೇಲೆ ಹೇಳ್ತೀನಿ” ಎಂದು ಕೋಣೆಗೆ ಹೋದಳು. ಬಾಗಿಲು ಹಾಕಿಕೊಂಡಿತು.

ಎರಡು ದಿನ ಕಾದೆ. ಹೇಳಲಿಲ್ಲ. ತರಕಾರಿ ಹೆಚ್ಚುವಾಗಲೂ ಅದೇ ಬೆಂಚು, ಅದೇ ಮಂಜು. ಶುಕ್ರವಾರ ಬೆಳಿಗ್ಗೆ ಬಸವೇಶ್ವರನಗರದ ನಮ್ಮ ಮನೆಯ ಹತ್ತಿರದ ದೇವಸ್ಥಾನಕ್ಕೆ ಹೋದಾಗ, ಮನಸ್ಸಿನ ಸಮಾಧಾನಕ್ಕೆ ಒಂದು ಅರ್ಚನೆ ಮಾಡಿಸಿಬಿಡೋಣ ಎನ್ನಿಸಿತು. ಇಲ್ಲಿಂದ ನನ್ನ ಅಧಃಪತನ ಅಧಿಕೃತವಾಗಿ ಆರಂಭ.

“ಯಾರ ಹೆಸರಿಗಮ್ಮಾ?” ಎಂದರು ಅರ್ಚಕರು.

“ಉಮಾ.”

“ಗೋತ್ರ? ನಕ್ಷತ್ರ?”

“ಗೊತ್ತಿಲ್ಲ ಸ್ವಾಮೀ. ಅಪ್ಪ ಅಮ್ಮ ಇಲ್ಲ. ಅಣ್ಣ ರೈಲ್ವೆ ಸ್ಟೇಷನ್‌ನಲ್ಲಿ ಕೂರಿಸಿ ಹೊರಟುಹೋದ.”

ಅರ್ಚಕರ ಕೈಯಲ್ಲಿದ್ದ ಹೂವು ಹಾಗೇ ನಿಂತಿತು. “ಛೆ ಛೆ! ಶಿವ ಗೋತ್ರ ಅಂತ ಮಾಡ್ತೀನಿ, ಅವನೇ ಕಾಯ್ಲಿ” ಎಂದು ಒಳಗೆ ಹೋದರು.

ನನ್ನ ಬೆನ್ನ ಹಿಂದೆ ಪದ್ಮಕ್ಕ ನಿಂತಿದ್ದರು. ಪದ್ಮಕ್ಕ ನಮ್ಮ ಎದುರು ಮನೆಯವರು, ಭಜನೆ ಮಂಡಳಿಯ ಅಧ್ಯಕ್ಷರು.

“ಸುಮಿತ್ರಾ, ಯಾವ್ ಮಗು ಕಣೇ?” ಎಂದು ನನ್ನ ತೋಳು ಹಿಡಿದರು. “ಎಷ್ಟು ವಯಸ್ಸು?”

“ಏಳು ವರ್ಷ, ಅಕ್ಕಾ. ಕೆಂಪು ಸ್ವೆಟರು, ನೀಲಿ ಕೂದಲು.”

“ನೀಲಿನಾ? ಈಗಿನವ್ರು ಏಳು ವರ್ಷಕ್ಕೇ ಬಣ್ಣ ಹಾಕಿಸ್ತಾರಲ್ಲೇ! ನಿಂಗೆ ಹೆಂಗೆ ಗೊತ್ತಾಯ್ತು?”

ನಾನು ಹೇಳಬೇಕಾಗಿದ್ದದ್ದು ‘ಟಿ.ವಿ.’ ಎಂಬ ಎರಡಕ್ಷರ. ಅಷ್ಟರಲ್ಲಿ ಮಂಗಳಾರತಿಯ ಗಂಟೆ ಶುರುವಾಯಿತು. ಗದ್ದಲದಲ್ಲಿ, ಮನಸ್ಸಿನ ದುಃಖವೆಲ್ಲ ಸೇರಿಸಿ ನಾನು ಕೂಗಿ ಹೇಳಿದ್ದು ಇಷ್ಟು: “ನಮ್ ಮೇಘನಾಗೆ ಆ ಮಗು ಎಲ್ಲಿದೆ ಅಂತ ಗೊತ್ತು, ಅಕ್ಕಾ. ಬಾಯಿ ಬಿಡ್ತಿಲ್ಲ!”

ಮಂಗಳಾರತಿ ತೆಗೆದುಕೊಂಡು, ಕಣ್ಣು ಮುಚ್ಚಿ ಪ್ರದಕ್ಷಿಣೆ ಮುಗಿಸಿ ನೋಡಿದರೆ ಪದ್ಮಕ್ಕ ಇರಲಿಲ್ಲ. ಪಾಪ, ಮನೆಯಲ್ಲಿ ಏನೋ ಅವಸರ ಇರಬೇಕು ಅಂದುಕೊಂಡೆ. ನನ್ನ ಬುದ್ಧಿಗಿಷ್ಟು!

ಆ ಸಂಜೆ ಯಜಮಾನರು ಫೋನು ಹಿಡಿದು ಓದಿದರು. “ನಮ್ ಕ್ರಾಸಿನ ಗ್ರೂಪಲ್ಲಿ ನೋಡೇ. ‘ಉಮಾ, ಏಳು ವರ್ಷ, ಕೆಂಪು ಸ್ವೆಟರ್, ನೀಲಿ ಕೂದಲು. ರೈಲ್ವೆ ಸ್ಟೇಷನ್‌ನಿಂದ ಕಾಣೆ. ಎಲ್ಲರೂ ಪ್ರಾರ್ಥಿಸಿ.’ ಯಾರ ಮಗುವೋ ಪಾಪ.”

ನಾನು ಸೌಟು ಹಿಡಿದೇ ಬಂದು ಫೋನಿಗೆ ಇಣುಕಿದೆ. ಆಗಲೇ ವಿಜಯನಗರದ ಯಾರೋ ನೀಲಿ ರಿಬ್ಬನ್ನಿನ ಹುಡುಗಿಯನ್ನು ಕಂಡಿದ್ದರು. ಕೆಂಗೇರಿಯ ಇನ್ನಾರೋ ನೀಲಿ ಟೋಪಿಯ ಹುಡುಗನನ್ನು ಕಂಡು, ಅವನನ್ನೇ ನಿಲ್ಲಿಸಿ “ನೀನು ಉಮಾನಾ?” ಎಂದು ಕೇಳಿದ್ದರು!

ತಕ್ಷಣ ಹೇಳಿಬಿಡಬೇಕಿತ್ತು. ನಾಚಿಕೆ. ನಾಳೆ ಪದ್ಮಕ್ಕನ ಕಿವಿಯಲ್ಲಿ ಮೆಲ್ಲಗೆ ಹೇಳೋಣ ಎಂದು ಸುಮ್ಮನಾದೆ.

ಮರುದಿನ ಪದ್ಮಕ್ಕನೇ ಬಂದರು. ಜೊತೆಯಲ್ಲಿ ಮಂಡಳಿಯ ಇಬ್ಬರು ಹೆಂಗಸರು, ಜೊತೆಗೆ ಸುಂಕದಕಟ್ಟೆಯಿಂದ ಕರೆಸಿಕೊಂಡಿದ್ದ ಅವರ ಅಣ್ಣ ಗಂಗಾಧರಪ್ಪ, ನಿವೃತ್ತ ಹೆಡ್ ಕಾನ್‌ಸ್ಟೇಬಲ್! ನಾನು ಬಾಯಿ ತೆರೆಯುವಷ್ಟರಲ್ಲಿ ಕಾಲೇಜಿನಿಂದ ಮೇಘನಾ ಒಳಗೆ ಬಂದಳು. ಪದ್ಮಕ್ಕ ಅವಳನ್ನು ಸೋಫಾದಲ್ಲಿ ಕೂರಿಸಿ ತಲೆ ಸವರಿದರು.

“ಹೆದರ್ಬೇಡ ಕಣಮ್ಮಾ. ನಿನ್ ಮೇಲೆ ಏನೂ ಬರಲ್ಲ. ಆ ಮಗು ಎಲ್ಲಿದೆ, ಹೇಳ್ಬಿಡು.”

“ಯಾವ ಮಗು ಆಂಟಿ?”

“ಉಮಾ.”

ಗಂಗಾಧರಪ್ಪನವರು ಡೈರಿ ತೆಗೆದರು. “ಆ ಮಗು ಅಣ್ಣನ ಹೆಸ್ರು ಏನಮ್ಮ?”

“ಅಕಿ...” ಎಂದಳು ಮೇಘನಾ, ಏನೂ ಅರ್ಥವಾಗದೆ.

“ಇನಿಶಿಯಲ್ಲು?”

ಮೇಘನಾ ನಿಧಾನವಾಗಿ ನನ್ನ ಕಡೆ ತಿರುಗಿದಳು. ಆ ನೋಟದಲ್ಲಿ ನನ್ನ ಇಪ್ಪತ್ತನಾಲ್ಕು ಸಂಜೆಗಳೂ ಕರಗಿ ಹೋಗುವುದು ಕಂಡಿತು. ಇನ್ನು ಈ ಹುಡುಗಿ ಜನ್ಮದಲ್ಲಿ ನನ್ನ ಪಕ್ಕ ಕೂರುವುದಿಲ್ಲ ಎಂದುಕೊಂಡೆ. ಕೈ ಜೋಡಿಸಿ, ಸಭೆಯ ಮುಂದೆ ನಿವೇದಿಸಿಕೊಂಡೆ.

“ಅಕ್ಕಾ, ಆ ಮಗು... ಟಿ.ವಿ.ದು. ಬರೆದಿರೋ ಚಿತ್ರ.”

ಮೇಘನಾಳ ತಲೆ ಸವರುತ್ತಿದ್ದ ಕೈಯನ್ನು ಪದ್ಮಕ್ಕ ಹಿಂದಕ್ಕೆ ತೆಗೆದರು.

“ರಾಹುಕಾಲದಲ್ಲಿ ಹನ್ನೊಂದು ನಿಂಬೆಹಣ್ಣಿನ ದೀಪ ಹಚ್ಚಿದೀನಿ ಕಣೇ ನಾನು!” ಎಂದರು ಪದ್ಮಕ್ಕ. “ಚಿತ್ರಕ್ಕೆ!”

ಒಳಗಿನಿಂದ ಯಜಮಾನರು ನಗು ತಡೆಯಲಾರದೆ ಕೆಮ್ಮಿದರು. ಗಂಗಾಧರಪ್ಪನವರು ಮಾತ್ರ ನಗಲಿಲ್ಲ. ಕೇಸು ಎಂದ ಮೇಲೆ ಕೇಸು. “ಎಲ್ಲಿ, ತೋರ್ಸಿ ನೋಡಾಣ” ಎಂದರು. ಮೇಘನಾ ನಾಲ್ಕನೇ ಕಂತು ಹಾಕಿದಳು. ಬೆಂಚು ಬಂತು, ಮಂಜು ಬಂತು, ರೈಲು ಹೊರಟಿತು. ಒಬ್ಬಾಕೆ ಸೆರಗಿನಿಂದ ಮೂಗು ಒರೆಸಿಕೊಂಡರು.

“ಆಮೇಲೆ?” ಎಂದರು ಪದ್ಮಕ್ಕ.

“ಆಮೇಲೆ ಇಲ್ಲ, ಅಕ್ಕಾ. ಅದೇ ನನ್ನ ಗೋಳು.”

“ಇದು ಡ್ಯೂಟಿ ಲೋಪ” ಎಂದು ಗಂಗಾಧರಪ್ಪನವರು ಡೈರಿ ಮುಚ್ಚಿದರು. “ಆ ಸ್ಟೇಷನ್ ಮಾಸ್ಟ್ರು ಏನ್ ಮಾಡ್ತಿದ್ದ?”

ಎಲ್ಲರೂ ಹೋದ ಮೇಲೆ ನಾನು ಮಗಳ ಮುಖ ನೋಡಲಾರದೆ ಲೋಟಗಳನ್ನು ಎತ್ತಿದೆ. ಕೋಣೆಯ ಬಾಗಿಲು ಹಾಕುವ ಸದ್ದಿಗೆ ಕಾದೆ. ಅವಳು ಅಡಿಗೆಮನೆಗೆ ಬಂದು ಕಟ್ಟೆಗೆ ಒರಗಿ ನಿಂತಳು.

“ಅಮ್ಮಾ, ಪುಸ್ತಕದಲ್ಲೂ ಇಲ್ಲ.”

“ಏನು?”

“ಉಮೆ. ಹುಡುಕಿದೆ. ಬರೆದೋನೇ ಅವಳನ್ನ ಮರೆತುಬಿಟ್ಟಿದಾನೆ. ನೀನು ಅಳ್ತೀಯ ಅಂತ ‘ಇದೆ’ ಅಂದೆ.”

ನಾನು ಲೋಟ ತೊಳೆಯುತ್ತಲೇ ಇದ್ದೆ. ಆಗಲೇ ತೊಳೆದದ್ದನ್ನೇ. ನನಗಾಗಿ ಒಂದು ಸುಳ್ಳು ಹೇಳುವಷ್ಟು ನನ್ನ ಮೇಲೆ ಇವಳಿಗೆ ಗಮನವಿತ್ತೇ? ಊರೆಲ್ಲ ನಗಲಿ, ನನಗೆ ಅಷ್ಟು ಸಾಕು ದೇವರೇ, ಎಂದೆ ಮನಸ್ಸಿನಲ್ಲೇ.

“ಸೋಮವಾರದಿಂದ ಬೇರೆ ನೋಡೋಣ” ಎಂದಳು. “ಅದ್ರಲ್ಲಿ ಯಾರೂ ಕಳೆದುಹೋಗಲ್ಲ. ಬರೀ ಅಡುಗೆ.”

ಸೋಮವಾರ ಕೂತೆವು. ಇಬ್ಬರು ಅಕ್ಕತಂಗಿಯರ ಪುಟ್ಟ ಹೋಟೆಲು, ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ಸಾರು. ನೆಮ್ಮದಿಯಾಗಿತ್ತು. ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು, ಅಕ್ಕತಂಗಿಯರಿಬ್ಬರೂ ಕೊಡೆ ಹಿಡಿದು ಹೊರಗೆ ಓಡಿದರು, ಊರು ದಾಟಿದರು, ಸಮುದ್ರದ ದಂಡೆಗೆ ಬಂದರು. ನನಗೆ ತಡೆಯಲಾಗಲಿಲ್ಲ.

“ಅಲ್ಲ ಕಣೇ, ಆ ಒಲೆ ಆರಿಸಿದ್ರಾ? ಇಷ್ಟ್ ಹೊತ್ತಾಯ್ತು! ಬರೆಯೋರಿಗೆ ಒಂದು ಜವಾಬ್ದಾರಿ ಬೇಡ್ವಾ? ಸಾರು ತಳ ಹತ್ತಿರುತ್ತೆ ಅಷ್ಟೊತ್ತಿಗೆ!”

ಮೇಘನಾ ಮೂಗು ಅರಳಿಸಿದಳು. ಒಮ್ಮೆ ಟಿ.ವಿ. ನೋಡಿದಳು, ಒಮ್ಮೆ ನನ್ನನ್ನು ನೋಡಿದಳು.

“ಅಮ್ಮಾ, ಅವ್ರದ್ದು ಬಿಡು. ಈ ವಾಸನೆ ಎಲ್ಲಿಂದ ಬರ್ತಿದೆ?”

ಓಡಿದೆ. ಅಡಿಗೆಮನೆ ತುಂಬ ಹೊಗೆ. ಹುರುಳಿಕಾಳಿನ ಸಾರು ಇದ್ದ ಜಾಗದಲ್ಲಿ ಕಪ್ಪಗೆ ಏನೋ ಇತ್ತು. ಹಿಂದೆಯೇ ಬಂದ ಮಗಳು ಕಿಟಕಿ ತೆರೆದು, ಹೊಟ್ಟೆ ಹಿಡಿದುಕೊಂಡು ನಗುತ್ತಾ ನೆಲದ ಮೇಲೆಯೇ ಕೂತುಬಿಟ್ಟಳು. ಪಾತ್ರೆಯನ್ನು ನಾವಿಬ್ಬರೂ ಸರದಿಯಲ್ಲಿ ಉಜ್ಜಿದೆವು. ತಳದ ಕಪ್ಪು ಇನ್ನೂ ಬಿಟ್ಟಿಲ್ಲ.