ಸುಳ್ಳಿಗೊಂದು ಸಿವುಡು ಹುಲ್ಲು

ನಾನು ಮನಿ ಬಿಟ್ಟು ಹೊರಗ ಕಾಲಿಟ್ಟೆ ಅಂದ್ರ ಏನಾರ ಒಂದು ಆಗೇ ಆಗ್ತೈತಿ. ಕರೀಲಿಲ್ಲಂದ್ರೂ ಬೆನ್ನು ಹತ್ತಿ ಬರ್ತೈತಿ. ಸಾಲಿ ಮೆಟ್ಟಲು ಹತ್ತಿದವನಲ್ಲ ನಾನು. ಆದ್ರ ಹುಲ್ಲಿನ ಸೂರು ಹೊಚ್ಚೋದ್ರಾಗ ನಾರಾಯಣಪೇಟಿ, ಮಕ್ತಲ್, ಗದ್ವಾಲ ಮೂರೂ ಕಡೆ ನನ್ನ ಸಮ ಯಾರಿಲ್ಲ. ನಾನು ಹೊಚ್ಚಿದ ಕೊಟ್ಟಿಗ್ಯಾಗ ಕಟ್ಟಿದ ಎಮ್ಮಿ, ಮಳಿ ಅಂದ್ರ ಏನಂತ ತಿಳೀದನ ಮುದುಕ್ಯಾಗಿ ಸತ್ತಾವ.

೧. ಕರಾರು

ತೆಲಂಗಾಣ ಬ್ಯಾರೆ ರಾಜ್ಯ ಆದ ಹೊಸದಾಗಿ ಎಲ್ಲರ ಬಾಯಾಗೂ ಒಂದ ಮಾತು: "ಹೈದರಾಬಾದು ಈಗ ನಮ್ದು." ನಿಜಾಮನ ಕಾಲಕ್ಕೂ ಅದು ನಮ್ದ ಇತ್ತಂತ ನಮ್ಮಪ್ಪ ಹೇಳ್ತಿದ್ದ. ಇಷ್ಟು ಸಲ ನಮ್ದಾದ ಊರನ್ನ ನಾನು ಒಮ್ಮೆನೂ ನೋಡಿರಲಿಲ್ಲ.

ಮಗಳನ್ನ ಕೊಟ್ಟ ಬೀಗರು ಗದ್ವಾಲದಾಗ ಸೀರಿ ನೇಯತಾರ. ಅವರು ಬಂದು ಅಂದ್ರು, "ಬೀಗರ, ಹೈದರಾಬಾದಿನಾಗ ಊರ ಮಂದಿ ನೋಡ್ಲಿ ಅಂತ ಕಾಡಿನ ಮಂದಿ ತಮ್ಮ ಪಂಚಾಯ್ತಿ ಕೂಡೋ ಮನಿ ಕಟ್ಯಾರಂತ. ಪೂರಾ ಹುಲ್ಲಿಂದು. ನೋಡಿ ಬರೋಣ ನಡ್ರಿ."

"ಹುಲ್ಲಿನ ಕೆಲಸ ನನಗ ತೋರಸ್ತೀರೇನ್ರಿ?" ಅಂದೆ.

"ಹಂಗಾದ್ರ ಒಂದು ಕರಾರು. ಆ ಸೂರಿನಾಗ ಒಂದು ತಪ್ಪು ಹುಡುಕಿ ಕೊಡ್ರಿ, ನಿಮ್ಮ ಸಮ ಯಾರಿಲ್ಲಂತ ಗದ್ವಾಲ ಸಂತ್ಯಾಗ ನಿಂತು ನಾನ ಹೇಳ್ತೀನಿ. ಸಿಗಲಿಲ್ಲ ಅಂದ್ರ, 'ನನಗಿಂತ ದೊಡ್ಡ ಕೆಲಸಗಾರ್ರು ಅದಾರ' ಅಂತ ನೀವ ನಿಮ್ಮ ಬಾಯಿಲೆ ಹೇಳ್ಬೇಕು."

ನಾನು ಹೂಂ ಅಂದೆ. ಒಳಗಿಂದ ನಮ್ಮಾಕಿ ಅಂದ್ಲು, "ಅಣ್ಣಾ, ಆ ಮಾತು ಇವರ ಬಾಯಿಗೆ ಹೊಸದು. ಬಸ್ಸಿನಾಗ ಕಲಿಸ್ಕೋತ ಕರ್ಕೊಂಡು ಹೋಗೂಣು."

೨. ಬಾಗಿಲು

ಗುಡಸಲ ನೋಡಾಕ ಅಂತ ಹೋದವ, ಅದನ್ನ ಕಂಡು ನಿಂತಲ್ಲೇ ನಿಂತೆ. ಸುತ್ತ ಗಾಜಿನ ಕಟ್ಟಡ, ಅವುಗಳ ನಡುವ ಒಂದು ದೊಡ್ಡ ಹ್ಯಾಟಿ ಕೋಳಿ ರೆಕ್ಕಿ ಹರವಿ ಮರಿ ಮ್ಯಾಲ ಕುಂತಂಗ ಆ ಮನಿ. ಸೂರಿನ ಅಂಚು ನನ್ನ ಟೊಂಕದ ತನಕ ಇಳಿದಿತ್ತು, ಬಾಗಿಲ ಮುಂದ ಅಷ್ಟ ಒಂದೀಟು ಎತ್ತಿದ್ರು. ಮಕ್ತಲ್ ಬಜಾರದ ಮಂದಿನ್ನೆಲ್ಲ ಒಳಗ ಕುಂದ್ರಿಸಿದ್ರೂ ಇನ್ನೂ ನಾಕು ಜೋಡಿ ಎತ್ತಿಗೆ ಜಾಗ ಉಳೀತಿತ್ತು.

ನೆಟ್ಟಗ ನಡದೆ. ಹಣಿ ಬಾಗಿಲಿಗೆ ಬಡೀತು, ರುಮಾಲು ಹಿಂದಕ್ಕ ಬಿತ್ತು. ನನಗ ಬಾಳ ಖುಷಿ ಆತು. "ಸಿಕ್ತು ನೋಡ್ರಿ ತಪ್ಪು. ಬಾಗಿಲು ಗಿಡ್ಡ."

ಒಳಗ ಒಬ್ಬ ಮುದುಕ ಕುಂತಿದ್ದ. ಆ ಮನಿ ಕಟ್ಟಿದ ಹಿರಿಯ ಅಂವ. ತೆಲುಗಿನಾಗ ಮೆತ್ತಗ ಅಂದ, "ತಪ್ಪಲ್ಲ ಯಜಮಾನ್ರ. ಬಂದವರು ಒಳಗ ಕುಂತ ಮಂದಿಗೆ ತಲಿ ಬಗ್ಗಿಸಿ ಬರ್ಲಿ ಅಂತ ಹಂಗ ಇಟ್ಟೀವಿ. ಕಲೆಕ್ಟರ್ ಬಂದ್ರೂ ಬಗ್ಗಬೇಕು."

"ನಾನು ನಮ್ಮ ಮಾವಗೂ ಬಗ್ಗಿದವನಲ್ಲ," ಅಂದೆ.

"ಬಗ್ಗಿದ್ರ ಎರಡು ಎಕರೆ ಹೆಚ್ಚಿಗಿ ಕೊಡಾಂವ ಇದ್ದ ನಮ್ಮಪ್ಪ," ಅಂದ್ಲು ನಮ್ಮಾಕಿ.

೩. ಅಂಗಾತ ಮಲಗಿದ್ದು

ರುಮಾಲು ಮತ್ತ ಸುತ್ತಿಕೊಂಡು ಬಗ್ಗಿ ಒಳಗ ಹೋದೆ. ಹೊರಗ ಬೆಂಕಿಯಂಥ ಬಿಸಲು, ಒಳಗ ಬಾವಿ ಒಳಗಿನ ತಂಪು. ಒಂದು ಮೊಳಿ ಇಲ್ಲ, ತಂತಿ ಇಲ್ಲ. ಎಲ್ಲಾ ನಾರಿನ ಗಂಟು, ಒಂದೊಂದೂ ಎಳಿ ಕೂಸಿನ ಮುಷ್ಟಿ ಇದ್ದಂಗ.

ನಮ್ಮ ಕಸುಬಿನಾಗ ಸೂರು ನೋಡೋದು ನಿಂತಲ್ಲ, ಮಲಗಿ. ಸೂಜಿ ಮೊನಿಯಷ್ಟು ಬೆಳಕು ಕಂಡ್ರೂ ಅಲ್ಲಿ ನೀರು ಇಳೀತೈತಿ. ನಾನು ನೆಲದ ಮ್ಯಾಲ ಅಂಗಾತ ಮಲಗಿದೆ. ಆ ಮೂಲಿಯಿಂದ ಈ ಮೂಲಿಗೆ ಬೆನ್ನ ಮ್ಯಾಲ ಜರೀಕೋತ ಪೂರಾ ಸೂರು ನೋಡಿದೆ. ಎಲ್ಲೂ ಬೆಳಕಿಲ್ಲ. ಮತ್ತೊಮ್ಮೆ ಮೊದಲ ಮೂಲಿಯಿಂದ ಸುರು ಮಾಡಿದೆ.

ಊರು ನೋಡಾಕ ಬಂದ ಮಂದಿ ಸುತ್ತ ಕೂಡಿದ್ರು. ಒಬ್ಬಾಕಿ ಸೆರಗಿಲೆ ಗಾಳಿ ಹಾಕಿದ್ಲು, ಇನ್ನೊಬ್ಬ ನೀರು ತಂದ. "ಏನಾತ್ರಿ ಯಜಮಾನ್ರಿಗೆ?"

ನಮ್ಮ ಬೀಗರು ಅಂದ್ರು, "ಏನಿಲ್ಲ. ಜೀವ ಗಟ್ಟಿ ಐತಿ, ಜಂಬ ಹೊಂಟೈತಿ."

೪. ದಂಡ

ಆ ಹಿರಿಯ ನಮ್ಮನ್ನ ಕೂಡ್ರಿಸಿ ಕಸುಬು ಕೇಳಿದ. ಸೋತ ಮಾತು ಹೇಳೋಕಿಂತ ಮೊದಲು ಒಂದೀಟು ಮರ್ಯಾದಿ ಉಳಿಸ್ಕೊಳ್ಳೋಣಂತ ನಾನು ಸುರು ಮಾಡಿದೆ. "ನಾನೂ ಸೂರು ಹೊಚ್ಚಾಂವ. ಗಟ್ಟು ಅನ್ನೋ ಊರಾಗ ನಾ ಹೊಚ್ಚಿದ ಸೂರನ್ನ ಬಿರುಗಾಳಿ ಇಡಿಯಾಗಿ ಎತ್ತಿತು. ಅದು ಹಾರಿ ಹೋಗಿ ಜೂರಾಲ ಡ್ಯಾಮಿನ ಆಚಿ ದಂಡಿಗೆ ಇಳೀತು. ಒಂದು ಕಡ್ಡಿ ಅಲುಗಿರಲಿಲ್ಲ. ಮೀನು ಹಿಡಿಯೋರು ಅದರ ಕೆಳಗ ಎರಡು ವರ್ಷ ಸಂಸಾರ ಮಾಡಿದ್ರು."

ಹಿರಿಯ ನಗಲಿಲ್ಲ. ಬಾಗಿಲಾಚೆ ಸೂರಿಗೆ ಆನಿಸಿದ್ದ ನಿಚ್ಚಣಿಕಿ ತೋರಿಸಿದ. "ಈ ಮನ್ಯಾಗ ಕುಂತು ಯಾರು ಸುಳ್ಳು ಹೇಳ್ತಾರ ಅವರು ಮ್ಯಾಲ ಹತ್ತಿ ಒಂದು ಸಿವುಡು ಹುಲ್ಲು ಹೊಚ್ಚಬೇಕು. ನಮ್ಮ ಹಿರೇರು ಹಾಕಿದ ದಂಡ. ನಮ್ಮ ಸೂರು ಇಷ್ಟು ದಪ್ಪ ಸುಮ್ಮನ ಆಗಿಲ್ಲ."

ಬೀಗರು ಹುಲ್ಲಿನ ಸಿವುಡು ಎತ್ತಿ ನನ್ನ ಹೆಗಲ ಮ್ಯಾಲ ಇಟ್ರು. ಹತ್ತಿದೆ. ಮ್ಯಾಲ ಕುಂತು ಆ ಹುಲ್ಲಿನಾಗ ಕೈ ಇಟ್ರ ಮೊಣಕೈ ತನಕ ಹೋತು. ಎಷ್ಟು ತಲಿಮಾರಿನ ಕೈ ಕಲಿತ ಕೆಲಸೋ ಏನೋ. ಅವರ ಗಂಟು ನೋಡಿ ನಾನೂ ಹಂಗ ಹಾಕಾಕ ಹೋದೆ. ನಾಕು ಸಲ ಬಿಚ್ಚಿತು, ಐದನೇದಕ್ಕ ನಿಂತಿತು.

ಇಳಿದು ಬಂದೆ. ರುಮಾಲು ತಗದು ಕಂಕುಳಾಗ ಇಟ್ಕೊಂಡೆ. "ಬೀಗರ, ನನಗಿಂತ ದೊಡ್ಡ ಕೆಲಸಗಾರ್ರು ಅದಾರ. ಇವರ ಕೆಲಸದ ಮುಂದ ನಾನು ಇನ್ನೂ ಹುಲ್ಲು ಹೊರೋ ಆಳು."

ಬೀಗರು ನನ್ನ ಹೆಗಲ ಮ್ಯಾಲಿನ ಹುಲ್ಲಿನ ಕಡ್ಡಿ ಕೊಡವಿದ್ರು. ನಮ್ಮಾಕಿ ಸೆರಗಿಲೆ ಕಣ್ಣು ಒರಸ್ಕೊಂಡ್ಲು.

ಹಿರಿಯ ಆಕಿನ್ನ ಕೇಳಿದ, "ಇವರು ಈಗ ಅಂದದ್ದು ಖರೇನಾ ತಂಗಿ?"

"ಮದಿವ್ಯಾಗಿ ನಲವತ್ತು ವರ್ಷ ಆತಣ್ಣಾ, ಇದೊಂದು ಮಾತು ಖರೆ."

ಹಿರಿಯನ ಮಾರಿ ಸಣ್ಣದಾತು. ಮೂಲ್ಯಾಗ ಒಟ್ಟಿದ್ದ ಹುಲ್ಲಿನ ರಾಶಿ ನೋಡಿ ನಿಟ್ಟುಸಿರು ಬಿಟ್ಟ. "ಮಳಿಗಾಲದೊಳಗ ಅಷ್ಟೂ ಹೊಚ್ಚಬೇಕಿತ್ತು. ಇವರು ಬಾಯಿ ತೆರದಾಗ, ಸಂಜಿಯೊಳಗ ಕೆಲಸ ಮುಗೀತು ಅನ್ಕೊಂಡಿದ್ದೆ."